ಎಂಜಿನ್ ನೋಡಿ ಕಾರು ಕೊಂಡವನು

ಹಳೇ ಗಾಡಿ ಕೊಳ್ಳಲು ಹೊರಟವರಿಗೆ ನಮ್ಮ ಸೀಮೆಯಲ್ಲಿ ಹೇಳುವ ಬುದ್ಧಿಮಾತು ಒಂದೇ: ‘ಬಾಡಿ ಹೆಂಗಾದ್ರೂ ಇರ್ಲಿ, ಎಂಜಿನ್ ನೋಡು.’ ಬಣ್ಣ ಹೊಡೆಸಬಹುದು, ಸೀಟು ಹೊಲಿಸಬಹುದು, ಗುದ್ದಿ ತಗ್ಗಾದಲ್ಲಿ ಟಿಂಕರಿಂಗ್ ಮಾಡಿಸಿ ಪಟ್ಟಿ ಹಾಕಿಸಬಹುದು. ಎಂಜಿನ್ ಬಿಚ್ಚಬೇಕಾಗಿ ಬಂದರೆ ಮಾತ್ರ ಮನೆಯ ಒಡವೆ ಅಡವಿನ ಅಂಗಡಿಗೆ ಹೋಗುತ್ತದೆ. ಅರಸೀಕೆರೆ, ಕಡೂರು, ತಿಪಟೂರಿನಂಥ ಒಣ ಊರುಗಳಲ್ಲಿ ಈ ಮಾತು ಸುಳ್ಳಾದದ್ದನ್ನು ನಾನು ಕಂಡಿಲ್ಲ. ಅದನ್ನೇ ನೆಚ್ಚಿಕೊಂಡು ಇಂಗ್ಲೆಂಡಿನಲ್ಲಿ 1972ರ ಎಂಜಿಬಿ ಜಿಟಿ ಎಂಬ ಸ್ಪೋರ್ಟ್ಸ್ ಕೂಪೆ ಕೊಂಡೆ. ಎಂಜಿನ್ ಒಂದನ್ನು ಬಿಟ್ಟು ಆ ಕಾರಿನ ಉಳಿದದ್ದನ್ನೆಲ್ಲ ಕಳೆದುಕೊಂಡೆ. ಜತೆಗೆ ಮನೆಯವರ ಎದುರು ಒಂದಿಷ್ಟು ಮರ್ಯಾದೆಯನ್ನೂ.

ಆ ಬುದ್ಧಿಮಾತನ್ನು ನನ್ನ ಕಿವಿಗೆ ಹಾಕಿದವರು ಚಿಕ್ಕಪ್ಪ. ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಎದುರು ಅವರ ಅಂಬಾಸಿಡರ್ ಟ್ಯಾಕ್ಸಿ ನಿಲ್ಲುತ್ತಿತ್ತು. ಬೇಲೂರು, ಹಳೇಬೀಡು, ಧರ್ಮಸ್ಥಳದ ಟ್ರಿಪ್ಪುಗಳು, ಮದುವೆ ಕಾಲದಲ್ಲಿ ಗಂಡಿನ ಕಡೆಯವರು. ಬಾಡಿಗೆ ಇಲ್ಲದ ದಿನ ಬಾನೆಟ್ ಎತ್ತಿ ಕೂರುವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಪೆಟ್ ಕವರಿನ ಮೇಲೆ ಊರಿ, ಹಿಡಿಯನ್ನು ನನ್ನ ಕಿವಿಗೆ ಒತ್ತಿ, ‘ಕೇಳ್ತೇನೋ ಮಗ? ಮೂರನೇದು ಲೂಸಾಗೈತೆ’ ಎನ್ನುವರು. ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಅಡ್ಡ ಹಿಡಿಸುವರು. ಕೈಗೆ ಬಿಸಿ ಹೊಗೆ ರಪರಪ ಬಡಿದರೆ ‘ಬ್ಯಾಕ್ ಕಂಪ್ರೆಷನ್ ಹೊಡೀತೈತೆ’, ಅಂದರೆ ರಿಂಗು ಸವೆದಿವೆ, ಬೋರ್ ಕೆಲಸ ಹತ್ತಿರ ಬಂತು ಎಂದು ಅರ್ಥ. ಹೈಸ್ಕೂಲು ಮುಗಿಸುವ ಹೊತ್ತಿಗೆ ಗಣಿತಕ್ಕಿಂತ ಚೆನ್ನಾಗಿ ನನಗೆ ಆ ಎಂಜಿನ್ ಗೊತ್ತಿತ್ತು.

ಓದು ಮುಗಿದು, ಕೆಲಸದ ಬೆನ್ನು ಹತ್ತಿ ಇಂಗ್ಲೆಂಡಿನ ರೆಡಿಂಗ್ ಪಟ್ಟಣಕ್ಕೆ ಬಂದು ನೆಲೆಸಿದೆ. ಅಲ್ಲಿ ಬೇಸಿಗೆ ಬಂತೆಂದರೆ ಹಳ್ಳಿಹಳ್ಳಿಯ ಮೈದಾನದಲ್ಲಿ ಹಳೆಯ ಕಾರುಗಳ ಮೇಳ. ಜನ ಬಾನೆಟ್ ಎತ್ತಿ ಕಾರು ನಿಲ್ಲಿಸಿ, ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತ ಕೂತಿರುತ್ತಾರೆ. ಅಂಥ ಒಂದು ಮೇಳದಲ್ಲಿ ಎಂಜಿಬಿಯೊಂದರೊಳಗೆ ಇಣುಕಿದವನು ಅಲ್ಲೇ ನಿಂತುಬಿಟ್ಟೆ. ಒಳಗಿದ್ದದ್ದು ಚಿಕ್ಕಪ್ಪನ ಎಂಜಿನ್. ಕಾರ್ಬುರೇಟರ್ ಎರಡಿದ್ದವು, ಅಷ್ಟೇ ವ್ಯತ್ಯಾಸ.

ಅದು ನನ್ನ ಭ್ರಮೆಯೇನೂ ಆಗಿರಲಿಲ್ಲ. ಅಂಬಾಸಿಡರ್ ಹುಟ್ಟಿದ್ದು ಆಕ್ಸ್‌ಫರ್ಡ್ ಪಕ್ಕದ ಕೌಲಿಯಲ್ಲಿ ತಯಾರಾಗುತ್ತಿದ್ದ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನಿಂದ. ಅದಕ್ಕೆ 1959ರ ಸುಮಾರಿಗೆ ಕೂಡಿಸಿದ 1489 ಸಿಸಿ ಎಂಜಿನ್, ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಕುಟುಂಬದ್ದು. ಎಂಜಿಬಿಯೊಳಗಿನ 1798 ಸಿಸಿ, 95 ಅಶ್ವಶಕ್ತಿಯ ಎಂಜಿನ್ ಅದೇ ಕುಟುಂಬದ ದೊಡ್ಡ ಕುಡಿ. ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್. ವಿಲಿಯಂ ಮಾರಿಸ್‌ನ ಆಕ್ಸ್‌ಫರ್ಡ್ ಮಳಿಗೆಯ ಮ್ಯಾನೇಜರ್ ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಮಾರಿಸ್ ಕಾರುಗಳ ಚಾಸಿಸ್ ಮೇಲೆ ಚುರುಕಾದ ಬಾಡಿ ಕೂರಿಸಿ ಮಾರತೊಡಗಿದಾಗ ಶುರುವಾದದ್ದು. ಇವತ್ತು ಬೆಂಗಳೂರಿನ ರಸ್ತೆಯಲ್ಲಿ ಹೆಕ್ಟರ್ ಗಾಡಿಯ ಮುಂದೆ ಕಾಣುವ ಎಂಟು ಮೂಲೆಯ ಬಿಲ್ಲೆ ಆ ಮಳಿಗೆಯದೇ, ಮಾಲೀಕರು ಮಾತ್ರ ಬೇರೆ.

ತೆರೆದ ಮೈಯ ಎಂಜಿಬಿ ಬಂದದ್ದು 1962ರಲ್ಲಿ. ಅದಕ್ಕೆ ಇಟಲಿಯ ಪಿನಿನ್‌ಫರಿನಾ ಸಂಸ್ಥೆ ಗಟ್ಟಿ ಮಾಡು ಬಿಡಿಸಿಕೊಟ್ಟು, ಹಿಂದೆ ಮೇಲಕ್ಕೆತ್ತುವ ಬಾಗಿಲಿಟ್ಟ ಮೇಲೆ 1965ರಲ್ಲಿ ಜಿಟಿ ಆಯಿತು. ಉದ್ದ ಮೂಗು, ಹಿಂದಕ್ಕೆ ಇಳಿದ ಬೆನ್ನು. ಮುಂದೆ ಇಬ್ಬರು ಆರಾಮವಾಗಿ ಕೂರಬಹುದು, ಹಿಂದೆ ಇಬ್ಬರು ಮಕ್ಕಳು ಮುದುಡಿಕೊಂಡು. ಆಬಿಂಗ್‌ಡನ್ ಕಾರ್ಖಾನೆ 1980ರಲ್ಲಿ ಬಾಗಿಲು ಮುಚ್ಚುವವರೆಗೆ ತಯಾರಾದ ಐದು ಲಕ್ಷ ಚಿಲ್ಲರೆ ಎಂಜಿಬಿಗಳಲ್ಲಿ ಜಿಟಿಗಳೇ ಸುಮಾರು 1,25,000. ಸಂಖ್ಯೆ ಹೆಚ್ಚಿರುವುದರಿಂದ ಬೆಲೆ ಕಡಿಮೆ, ಬಿಡಿಭಾಗ ಸಲೀಸು. ಜಾಗ್ವಾರ್ ಇ-ಟೈಪಿನ ಕನಸು ಕಾಣಲಾಗದ ಸಂಬಳದವರ ಕೂಪೆ ಇದು.

ನಾನು ಕೊಂಡ ಕಾರು ಗ್ಲಾಸ್ಟರ್‌ಶೈರಿನ ಹಳ್ಳಿಯೊಂದರ ಮನೆಯಂಗಳದಲ್ಲಿತ್ತು. ಮಾಲೀಕರು ಕಣ್ಣು ಮಂದವಾಗಿ ಡ್ರೈವಿಂಗ್ ಬಿಟ್ಟಿದ್ದ ಹಿರಿಯರು. ಹಸಿರು ಬೆರೆತ ನೀಲಿ ಬಣ್ಣ ಫಳಫಳ ಎನ್ನುತ್ತಿತ್ತು. ನಾನು ಫೀಲರ್ ಗೇಜ್, ಕಂಪ್ರೆಷನ್ ಗೇಜ್ ಸಮೇತ ಹೋಗಿದ್ದೆ. ನಾಲ್ಕೂ ಸಿಲಿಂಡರಿನ ಒತ್ತಡ ಹೆಚ್ಚುಕಡಿಮೆ ಒಂದೇ. ಎಂಜಿನ್ ಬಿಸಿಯಾದ ಮೇಲೂ ಆಯಿಲ್ ಪ್ರೆಷರಿನ ಮುಳ್ಳು ಇಳಿಯಲಿಲ್ಲ. ಮುಚ್ಚಳ ತೆಗೆದು ಅಂಗೈ ಹಿಡಿದೆ, ಒಂದೆಳೆ ಹೊಗೆ ತಾಗಲಿಲ್ಲ. ಸೀಸವಿಲ್ಲದ ಪೆಟ್ರೋಲಿಗೆ ಒಗ್ಗುವಂತೆ ಹೆಡ್ಡಿಗೆ ಗಟ್ಟಿ ವಾಲ್ವ್ ಸೀಟು ಹಾಕಿಸಿದ್ದ ಬಿಲ್ಲನ್ನು ಅವರು ಡ್ರಾಯರಿನಿಂದ ತೆಗೆದು ತೋರಿಸಿದರು. ಸ್ಕ್ರೂಡ್ರೈವರ್ ಊರಿ ಕಿವಿಗೊಟ್ಟೆ. ಚಿಕ್ಕಪ್ಪ ಇದ್ದಿದ್ದರೆ ‘ಮುಚ್ಚು ಬಾನೆಟ್ಟು, ದುಡ್ಡು ಕೊಡು’ ಎಂದಿರುತ್ತಿದ್ದರು. ನಾನು ಅದನ್ನೇ ಮಾಡಿದೆ. ಐದು ಸಾವಿರ ಪೌಂಡಿನ ಆಸುಪಾಸು.

ಬಾಡಿ ನೋಡಲೇ ಇಲ್ಲವೆಂದಲ್ಲ. ಮಡ್‌ಗಾರ್ಡಿನ ಅಂಚು ಸವರಿದೆ, ಡಿಕ್ಕಿ ತೆಗೆದು ಮುಚ್ಚಿದೆ. ಡ್ರೈವರ್ ಬಾಗಿಲಿನ ಹಿಂದೆ, ಕೆಳಗಡೆ, ಬಣ್ಣದಡಿ ನಾಲ್ಕಾರು ಗುಳ್ಳೆ ಎದ್ದಿದ್ದವು. ಉಜ್ಜಿ ಪಟ್ಟಿ ಹಾಕಿದರಾಯಿತು ಎಂದುಕೊಂಡೆ. ಮಳೆ ಬಂದು ನೆಲ ಒದ್ದೆಯಾಗಿತ್ತು, ಒಳ್ಳೆಯ ಪ್ಯಾಂಟು ಹಾಕಿದ್ದೆ, ಮಂಡಿಯೂರಿ ಕೆಳಗೆ ಬಗ್ಗಲಿಲ್ಲ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಬ್ರಿಟನ್ನಿನಲ್ಲಿ ಕಾರುಗಳಿಗೆ ವರ್ಷಕ್ಕೊಮ್ಮೆ ಎಂಒಟಿ ಎಂಬ ಸುರಕ್ಷತಾ ಪರೀಕ್ಷೆ ಕಡ್ಡಾಯ. ದೊಡ್ಡ ಮಾರ್ಪಾಟು ಮಾಡದ, 40 ವರ್ಷ ದಾಟಿದ ಕಾರುಗಳಿಗೆ 2018ರ ಮೇ ತಿಂಗಳಿಂದ ಅದರಿಂದ ವಿನಾಯಿತಿ ಇದೆ. ರಸ್ತೆ ತೆರಿಗೆಯೂ ಇಲ್ಲ. ನನಗೆ ಇದು ಲಾಭವೆಂದೇ ಕಂಡಿತು. ವಿನಾಯಿತಿ ಬಂದಂದಿನಿಂದ ಆ ಕಾರಿನ ಅಡಿಯನ್ನು ಪರೀಕ್ಷಕನೊಬ್ಬ ಟಾರ್ಚ್ ಹಿಡಿದು ನೋಡಿಲ್ಲ ಎಂಬ ಅರ್ಥವೂ ಅದರಲ್ಲಿತ್ತು. ಹಳೆಯ ಪರೀಕ್ಷೆಗಳ ಫಲಿತಾಂಶವನ್ನು ಸರ್ಕಾರದ ಜಾಲತಾಣದಲ್ಲಿ ಕಾರಿನ ನಂಬರ್ ಹಾಕಿದರೆ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ನಾನು ನೋಡಿದ್ದು ಎಲ್ಲ ಕೆಟ್ಟ ಮೇಲೆ. ಕೊನೆಯ ಪರೀಕ್ಷೆಯಲ್ಲಿ ಕಾರು ಪಾಸಾಗಿತ್ತು. ಕೆಳಗೆ ಸೂಚನೆಯ ಸಾಲಿನಲ್ಲಿ ಎರಡೂ ಬದಿಯ ಸಿಲ್‌ಗಳಿಗೆ ತುಕ್ಕು ಹಿಡಿದಿದೆ ಎಂದು ಬರೆದಿತ್ತು.

ಸಿಲ್ ಎಂದರೆ ಕಾರಿನ ಹೊಸ್ತಿಲು, ಬಾಗಿಲು ತೆಗೆದಾಗ ಕಾಲೆತ್ತಿ ದಾಟುವ ಜಾಗ. ಎಂಜಿಬಿಗೆ ಲಾರಿಗಿರುವಂಥ ಬೇರೆ ಚಾಸಿಸ್ ಇಲ್ಲ. ತಗಡನ್ನೇ ಮಡಿಸಿ, ಬೆಸೆದು, ಪೆಟ್ಟಿಗೆ ಮಾಡಿದ ಬಾಡಿಯೇ ಅದರ ಬೆನ್ನೆಲುಬು. ಹೊರಗೊಂದು ತಗಡು, ಒಳಗೊಂದು, ನಡುವೆ ಇನ್ನೊಂದು, ಅಡಿಯಲ್ಲಿ ಮಡಿಕೆ ಮಡಿಕೆಯಾದ ಪಟ್ಟಿ: ಇಷ್ಟು ಸೇರಿ ಒಂದು ಸಿಲ್. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಭಾರವನ್ನೆಲ್ಲ ಈ ಎರಡು ಪೆಟ್ಟಿಗೆಗಳು ಹೊರುತ್ತವೆ. ಹೊರಗೆ ಬಣ್ಣ ಬಳಿಯಬಹುದು, ಮುಚ್ಚಿದ ಪೆಟ್ಟಿಗೆಯ ಒಳಗೆ ಬಳಿಯುವುದು ಹೇಗೆ? ಚಕ್ರ ಎರಚುವ ಕೆಸರು ಮುಂದಿನ ಮಡ್‌ಗಾರ್ಡಿನ ಹಿಂದೆ ಸೇರಿಕೊಂಡು, ಅಲ್ಲಿಂದ ನೀರು ಒಳಕ್ಕೆ ಇಳಿಯುತ್ತದೆ. ನೀರು ಬಸಿಯಲು ಬಿಟ್ಟ ಸಣ್ಣ ಕಿಂಡಿಗಳು ಡಾಂಬರಿನಂಥ ಅಂಡರ್‌ಕೋಟಿಂಗ್ ಬಳಿದಾಗ ಮುಚ್ಚಿಹೋಗಿರುತ್ತವೆ.

ಅಂಬಾಸಿಡರಿಗೂ ಬೇರೆ ಚಾಸಿಸ್ ಇರಲಿಲ್ಲ. ಆದರೆ ಅರಸೀಕೆರೆಯಲ್ಲಿ ರಸ್ತೆಗೆ ಉಪ್ಪು ಸುರಿಯುವವರಿಲ್ಲ. ಇಂಗ್ಲೆಂಡಿನಲ್ಲಿ ಚಳಿ ಹೆಚ್ಚಾಗಿ ರಸ್ತೆ ಹೆಪ್ಪುಗಟ್ಟುವ ಸೂಚನೆ ಬಂದರೆ ರಾತ್ರೋರಾತ್ರಿ ಲಾರಿಗಳು ಕಲ್ಲುಪ್ಪು ಚೆಲ್ಲುತ್ತ ಹೋಗುತ್ತವೆ. ಚೆಶೈರಿನ ವಿನ್ಸ್‌ಫರ್ಡ್‌ನಲ್ಲಿ ಅದಕ್ಕೆಂದೇ ದೊಡ್ಡ ಗಣಿ ಇದೆ. ಉಪ್ಪುನೀರು ತಗಡಿನ ಬೆಸುಗೆಯ ಸಂದಿಗೆ ಸೇರಿದರೆ ಬೇಸಿಗೆಯಲ್ಲೂ ಪೂರ್ತಿ ಒಣಗುವುದಿಲ್ಲ. ಆ ಕಾಲದ ಕೂಪೆಗಳಿಗೆಲ್ಲ ಈ ಕಾಯಿಲೆ ಇತ್ತು: ಡಾಟ್ಸನ್ 240ಝಡ್, ಆಲ್ಫಾ ರೋಮಿಯೋ, ಇ-ಟೈಪ್, ಯಾವುದೂ ಹೊರತಲ್ಲ. ಪೋರ್ಷೆ 911ರ ಉಕ್ಕಿನ ಬಾಡಿಗೆ ಸತುವಿನ ಲೇಪ ಬರತೊಡಗಿದ್ದೇ 1975ರ ಸುಮಾರಿಗೆ. ನಮ್ಮ ಒಳನಾಡಿನಲ್ಲಿ ಕಾರು ಸಾಯುವುದು ಎಂಜಿನ್ನಿನಿಂದ, ಇಂಗ್ಲೆಂಡಿನಲ್ಲಿ ಹೊಸ್ತಿಲಿನಿಂದ. ನಾನು ಒಂದು ಊರಿನ ವೈದ್ಯವನ್ನು ಇನ್ನೊಂದು ಊರಿಗೆ ಹೊತ್ತುಕೊಂಡು ಹೋಗಿದ್ದೆ.

ಮನೆಯಲ್ಲಿ ಇದು ಗೊತ್ತಿದ್ದವರೊಬ್ಬರು ಇದ್ದರು. ನನ್ನ ಹೆಂಡತಿ ಕುಂದಾಪುರದವಳು, ತವರುಮನೆ ಕಡಲಿಗೆ ಕೂಗಳತೆಯಲ್ಲಿದೆ. ಉಪ್ಪುಗಾಳಿಗೆ ಗೇಟು, ಕಿಟಕಿಯ ಸರಳು, ಅಪ್ಪನ ಸ್ಕೂಟರಿನ ತಳ ಕರಗಿದ್ದನ್ನು ನೋಡುತ್ತ ಬೆಳೆದವಳು. ಕಾರು ಮನೆಗೆ ಬಂದ ಸಂಜೆ ಸುತ್ತ ಒಂದು ಸುತ್ತು ಬಂದು ಕೇಳಿದ್ದು ಒಂದೇ ಮಾತು: ‘ಅಡಿ ಬಗ್ಗಿ ಕಂಡ್ರ್ಯಾ?’

‘ಇದು ಗೇಟಲ್ಲ ಮಾರಾಯ್ತಿ, ಕಾರು’ ಎಂದೆ. ಅವಳು ಮತ್ತೆ ಕೇಳಲಿಲ್ಲ.

ಮೊದಲ ಬೇಸಿಗೆ ಚೆನ್ನಾಗಿತ್ತು, ಅದನ್ನು ಮರೆಮಾಚಲಾರೆ. ನೆಲಕ್ಕೆ ಹತ್ತಿರವಾಗಿ ಕೂತು, ಎದುರಿಗೆ ಉದ್ದಕ್ಕೆ ಚಾಚಿದ ಬಾನೆಟ್ ನೋಡುತ್ತ ಕಾಟ್ಸ್‌ವೋಲ್ಡ್ ಗುಡ್ಡಗಳ ಕಿರುದಾರಿಯಲ್ಲಿ ಹೋಗುವಾಗ 60 ಕಿಲೋಮೀಟರ್ ವೇಗವೂ ಭಾರಿ ಎನಿಸುತ್ತಿತ್ತು. ಟಾಪ್ ಗೇರಿನಲ್ಲಿ ಓವರ್‌ಡ್ರೈವ್ ಸ್ವಿಚ್ ಒತ್ತಿದರೆ ಎಂಜಿನ್ನಿನ ದನಿ ಇಳಿದು ಕಾರು ನಿರಾಳವಾಗಿ ಓಡುತ್ತಿತ್ತು. ಕನ್ನಡಿಗರ ಬೇಸಿಗೆ ಕೂಟಕ್ಕೆ ಕೊಂಡೊಯ್ದಾಗ ಬಿಸಿಬೇಳೆಬಾತಿನ ಸಾಲು ಬಿಟ್ಟು ಜನ ಬಾನೆಟ್ಟಿನ ಸುತ್ತ ಸೇರಿದರು. 70ರ ದಶಕದಲ್ಲೇ ಊರು ಬಿಟ್ಟು ಬಂದಿದ್ದ ಹಿರಿಯ ಡಾಕ್ಟರೊಬ್ಬರು, ‘ಒಂದ್ಸಲ ಸೆಲ್ಫ್ ಹೊಡಿಯಪ್ಪ, ಕೇಳೋಣ’ ಎಂದರು. ಕಾರು ಸ್ಟಾರ್ಟಾಯಿತು. ಅವರು ‘ಅಂಬಾಸಿಡರೇ ಕಣಯ್ಯ!’ ಎಂದು ಪಕ್ಕದವರ ಬೆನ್ನು ತಟ್ಟಿದರು. ಆ ದಿನ ನನ್ನನ್ನು ಹಿಡಿಯುವವರಿರಲಿಲ್ಲ.

ಭಾನುವಾರಗಳೆಲ್ಲ ಎಂಜಿನ್ನಿಗೆ ಮೀಸಲು. ಟ್ಯಾಪೆಟ್ 15 ಥೌಗೆ (ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಪಾಲು) ಅಡ್ಜಸ್ಟ್ ಮಾಡುವುದು, ಪಾಯಿಂಟ್ ಉಜ್ಜುವುದು, ರಬ್ಬರ್ ಟ್ಯೂಬಿನ ಒಂದು ತುದಿ ಕಿವಿಗಿಟ್ಟು ಎರಡೂ ಎಸ್‌ಯು ಕಾರ್ಬುರೇಟರುಗಳ ಉಸಿರಾಟ ಸಮ ಮಾಡುವುದು. 2021ರಿಂದ ಬ್ರಿಟನ್ನಿನ ಮಾಮೂಲಿ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪು ಕಿತ್ತು ಹೊಸ ಜಾತಿಯದು ಹಾಕಿದೆ. ಇಷ್ಟೆಲ್ಲ ಮಾಡಿದವನು ಕಾರಿನ ಕೆಳಕ್ಕೆ ಒಮ್ಮೆಯೂ ನುಸುಳಲಿಲ್ಲ. ಗೊತ್ತಿರುವ ಕೆಲಸದಲ್ಲಿ ಒಂದು ಸುಖವಿದೆ. ಗೊತ್ತಿಲ್ಲದ್ದರ ಕಡೆ ತಲೆ ಹಾಕದೆ ದಿನ ಕಳೆಯಲು ಅದಕ್ಕಿಂತ ಒಳ್ಳೆಯ ನೆಪ ಬೇರೊಂದಿಲ್ಲ.

ಚಳಿಗಾಲದಲ್ಲಿ ಇನ್ನೂ ಎರಡು ಎಡವಟ್ಟು ಮಾಡಿದೆ. ಗ್ಯಾರೇಜಿಲ್ಲದ ಮನೆ, ಮಳೆ ತಾಗದಿರಲೆಂದು ಕಾರಿಗೆ ಪ್ಲಾಸ್ಟಿಕ್ ಹೊದಿಕೆ ಹೊದಿಸಿದೆ. ಗಾಳಿಯಾಡದ ಹೊದಿಕೆಯಡಿ ನೆಲದ ತೇವವೆಲ್ಲ ಮೇಲೆದ್ದು ತಗಡಿನ ಮೇಲೆ ಕೂತಿತು; ಬಯಲಲ್ಲಿ ನಿಂತಿದ್ದರೇ ಕಾರು ಬೇಗ ಒಣಗುತ್ತಿತ್ತು. ಎರಡನೆಯದಾಗಿ, ಎಂಜಿನ್ ಆಗಾಗ ಬಿಸಿಯಾಗಬೇಕು ಎಂಬ ಚಿಕ್ಕಪ್ಪನ ಪಾಠ ನೆನೆದು ಉಪ್ಪು ಚೆಲ್ಲಿದ ರಸ್ತೆಯಲ್ಲೇ ಓಡಿಸಿ ತಂದು ಮತ್ತೆ ಹೊದಿಸಿದೆ. ಎಂಜಿನ್ನಿಗೆ ಒಳ್ಳೆಯದಾಯಿತು.

ವಸಂತ ಬರುವ ಹೊತ್ತಿಗೆ ಡ್ರೈವರ್ ಬಾಗಿಲು ಮುಚ್ಚುವಾಗ ಉಜ್ಜತೊಡಗಿತು. ಸ್ವಲ್ಪ ಎತ್ತಿ ದೂಡಬೇಕು. ಲಾಕಿನ ಕೊಂಡಿ ಸಡಿಲಿಸಿ ಒಂದೆಳೆ ಕೆಳಗಿಳಿಸಿದೆ, ಸರಿಹೋಯಿತು. ಕೆಲವು ವಾರಕ್ಕೆ ಮತ್ತೆ ಅದೇ. ಹಿಂಜಿಗೆ ತೆಳು ತಗಡಿನ ಪ್ಯಾಕಿಂಗ್ ಕೊಟ್ಟೆ. ಬಾಗಿಲು ಇಳಿದಿರಲಿಲ್ಲ, ಅದರ ಕೆಳಗಿನ ಹೊಸ್ತಿಲು ಸೋತು ಕಾರೇ ನಡುವಿನಲ್ಲಿ ಜಗ್ಗುತ್ತಿತ್ತು. ಬಾಗಿಲಿಗೂ ಹಿಂದಿನ ಮಡ್‌ಗಾರ್ಡಿಗೂ ನಡುವಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಎಂಜಿಬಿ ಬಲ್ಲವರು ದೂರದಿಂದಲೇ ತಲೆಯಾಡಿಸಿ ಮುಂದೆ ಹೋಗುತ್ತಾರೆ. ನಾನು ಆ ಸಂದನ್ನು ದಿನಾ ನೋಡುತ್ತಿದ್ದೆ.

ಗೊತ್ತಾದದ್ದು ಪಂಕ್ಚರಿನಿಂದ. ಎಂಜಿಬಿಯ ಜ್ಯಾಕು ಪಕ್ಕದಲ್ಲಿ, ಸಿಲ್ ಮಗ್ಗುಲಲ್ಲೇ ಕೂರುತ್ತದೆ. ಸ್ಟೆಪ್ನಿ ಇಳಿಸಿ, ಜ್ಯಾಕು ಕೊಟ್ಟು ತಿರುಗಿಸಿದೆ. ಜ್ಯಾಕು ಮೇಲೇರಿತು, ಕಾರು ಇದ್ದಲ್ಲೇ ಇತ್ತು. ಇನ್ನೆರಡು ಸುತ್ತು ತಿರುಗಿಸಿದೆ. ಒಳಗೆ ಏನೋ ಕರಕರ ಎಂದಿತು. ಬಾಗಿಲು ತೆಗೆದರೆ ಕಾಲಡಿಯ ಕಾರ್ಪೆಟ್ ಉಬ್ಬಿ ನಿಂತಿದೆ. ಕಾರ್ಪೆಟ್ ಸರಿಸಿದೆ. ಜ್ಯಾಕಿನ ತಲೆ ನನ್ನ ಕಡೆ ನೋಡುತ್ತಿತ್ತು.

ಬೆಸುಗೆ ಕೆಲಸದವನ ಶೆಡ್ಡಿಗೆ ಕಾರನ್ನು ಲಾರಿಯ ಮೇಲೆ ಹಾಕಿಕೊಂಡು ಹೋದೆ. ಆತ ಬಾನೆಟ್ ಮುಟ್ಟಲಿಲ್ಲ. ಮುಂದಿನ ಮಡ್‌ಗಾರ್ಡಿನ ಬೋಲ್ಟು ಕಳಚಿ ಪಕ್ಕಕ್ಕಿಟ್ಟು, ಗ್ರೈಂಡರಿನಿಂದ ಸಿಲ್ಲಿನ ಹೊರತಗಡನ್ನು ಅಂಗೈ ಅಗಲ ಕತ್ತರಿಸಿದ. ಒಳಗೆ ಇನ್ನೊಂದು ಹೊರತಗಡು. ಹಳೆಯದು ತೂತಾದಾಗ ಅದನ್ನು ತೆಗೆಯದೆ ಮೇಲೊಂದು ಹೊಸ ತಗಡು ಹೊದಿಸಿದ್ದರು ಯಾರೋ. ಎಷ್ಟು ವರ್ಷದ ಹಿಂದೋ, ಮಾರಿದ ಹಿರಿಯರಿಗೂ ಅದು ಗೊತ್ತಿರಲಿಕ್ಕಿಲ್ಲ. ಎರಡನೆಯದನ್ನು ಆತ ಕತ್ತರಿಸಬೇಕಾಗಲಿಲ್ಲ, ಹೆಬ್ಬೆರಳಿನಿಂದ ಒತ್ತಿದ. ಕಂದು ಚಕ್ಕೆಗಳು ಅವಲಕ್ಕಿಯಂತೆ ನೆಲಕ್ಕೆ ಉದುರಿದವು, ಅದರ ಹಿಂದೆಯೇ ತುಂಡುತುಂಡಾಗಿ ಗಟ್ಟಿಯಾದ ಹಳದಿ ಫೋಮು. ನಡುವಿನ ತಗಡು ಇರಬೇಕಾದ ಕಡೆ ಟಾರ್ಚಿನ ಬೆಳಕು ನೇರವಾಗಿ ಆಚೆಬದಿಗೆ ಹೋಯಿತು. ಆತ ಕೈ ಒರೆಸಿಕೊಂಡು, ಇದಕ್ಕೆ ಹೊಸ ಬಣ್ಣ ಕೊಟ್ಟಿದ್ದೇ ಇಷ್ಟು ವರ್ಷ ಹಿಡಿದಿಟ್ಟಿದೆ ಎಂದ.

ಅಲ್ಲಿಗೇ ಕೈ ತೊಳೆದುಕೊಂಡಿದ್ದರೆ ಕಾರಿನ ಬೆಲೆಯಷ್ಟೇ ಹೋಗುತ್ತಿತ್ತು. ನನಗೆ ಬಿಡಲಾಗಲಿಲ್ಲ. ಒಂದು ಬದಿ ಮಾಡಿಸಿಬಿಡೋಣ ಎಂದೆ. ಒಂದು ಬದಿ ಬಿಚ್ಚಿದರೆ ಅದಕ್ಕೆ ಬೆಸೆಯಲು ಗಟ್ಟಿ ನೆಲದ ತಗಡು ಬೇಕು, ಅದೂ ಹೋಗಿತ್ತು. ನೆಲ ಹಾಕಿಸಿದ ಮೇಲೆ ಹಿಂದೆ ಬ್ಯಾಟರಿ ಕೂರುವ ಪೆಟ್ಟಿಗೆ, ಆಮೇಲೆ ಹಿಂದಿನ ಪಟ್ಟಾ ಸ್ಪ್ರಿಂಗು ಕಚ್ಚುವ ಜಾಗ. ಪೆಟ್ರೋಲ್ ಟ್ಯಾಂಕಿನ ಮೇಲ್ಮೈಯೂ ಕೊಳೆತಿತ್ತು. ಟ್ಯಾಂಕಿಗೂ ಡಿಕ್ಕಿಯ ತಳಕ್ಕೂ ನಡುವೆ ತೇವ ನಿಂತು ಎಂಜಿಬಿಗಳಲ್ಲಿ ಹಾಗಾಗುವುದು ಮಾಮೂಲಂತೆ. ಪ್ರತಿ ಸಲವೂ ‘ಇಷ್ಟು ಹಾಕಿಯಾಗಿದೆ, ಇನ್ನಿಷ್ಟು ಹಾಕಿದರೆ ಮುಗಿಯುತ್ತದೆ’ ಎಂಬ ಲೆಕ್ಕ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ 1988ರಿಂದ ಹಳೆಯ ಅಚ್ಚುಗಳನ್ನೇ ಬಳಸಿ ಎಂಜಿಬಿಯ ಇಡೀ ಬಾಡಿ ತಯಾರಿಸಿ ಮಾರುತ್ತದೆ. ಅದನ್ನೂ ವಿಚಾರಿಸಿದೆ. ಆ ಬೆಲೆಗೆ ಓಡುವ ಒಳ್ಳೆಯ ಕಾರೇ ಬರುತ್ತಿತ್ತು.

ಹಣ ಎಲ್ಲಿಂದ ಬಂತೆಂದು ಬರೆಯದಿದ್ದರೆ ಈ ಕಥೆಗೆ ಅರ್ಥವಿಲ್ಲ. ಅರಸೀಕೆರೆಯ ಮನೆಯ ಹೆಂಚು ಬದಲಿಸಿ, ಕೊಳೆತ ತೊಲೆ ತೆಗೆಸಿ ಮಾಡು ಕಟ್ಟಿಸಲು ನನ್ನ ಪಾಲು ಎಂದು ಎತ್ತಿಟ್ಟದ್ದನ್ನು ಮುಟ್ಟಿದೆ. ಮಳೆಗಾಲಕ್ಕೆ ಮುಂಚೆ ಅಣ್ಣ ಫೋನ್ ಮಾಡಿದ. ‘ಬಡಗಿ ಕೇಳ್ತಾವ್ನೆ ಕಣೋ, ಯಾವಾಗ ಹಾಕ್ತೀಯ?’ ಎಂದ. ಬೋನಸ್ ಬಂದಿಲ್ಲ, ಮುಂದಿನ ವರ್ಷ ನೋಡೋಣ ಎಂದೆ. ಬೋನಸ್ ಬಂದಿತ್ತು. ಆ ಮಳೆಗಾಲ ಅಮ್ಮ ನಡುಮನೆಯಲ್ಲಿ ಪಾತ್ರೆ ಇಟ್ಟುಕೊಂಡು ಕಳೆದಳು. ಅಣ್ಣನಿಗೆ ನಿಜ ಹೇಳಿದ್ದು ಕಾರು ಮಾರಿದ ಮೇಲೆ. ಅವನು ಬೈಯಲಿಲ್ಲ. ‘ಎಂಜಿನ್ ಚೆನ್ನಾಗಿತ್ತಾ?’ ಎಂದು ಕೇಳಿದ. ಅವನೂ ಚಿಕ್ಕಪ್ಪನ ಶಿಷ್ಯನೇ.

ಕೊನೆಗೆ ಕೈಚೆಲ್ಲಿ ಕಾರು ಮಾರಲಿಟ್ಟೆ. ಕೊಳ್ಳಲು ಬಂದವನ ಬಳಿ ಇನ್ನೊಂದು ಎಂಜಿಬಿ ಜಿಟಿ ಇತ್ತು. ಬಾಡಿ ಗಟ್ಟಿ, ಎಂಜಿನ್ ಸತ್ತದ್ದು. ಅಗ್ಗಕ್ಕೆ ಕೊಂಡಿದ್ದನಂತೆ. ನಾನು ಪಟ್ಟಿಯಿಂದ ಅಳಿಸಿಹಾಕುತ್ತಿದ್ದ ಕಾರು ಅದು. ಅವನು ನನ್ನ ಕಾರಿನ ಅಡಿಯನ್ನು ಒಂದು ನೋಟ ನೋಡಿ, ಎಂಜಿನ್ನಿಗೂ ಓವರ್‌ಡ್ರೈವ್ ಗೇರ್‌ಬಾಕ್ಸಿಗೂ ಇಷ್ಟು, ಉಳಿದದ್ದಕ್ಕೆ ತೂಕದ ಬೆಲೆ ಎಂದ. ಕೊಂಡ ಬೆಲೆಯ ಮೂರನೇ ಒಂದು ಪಾಲೂ ಬರಲಿಲ್ಲ, ಬೆಸುಗೆಯ ಖರ್ಚಿನ ಮಾತು ಹಾಗಿರಲಿ. ಒಂದು ಶನಿವಾರ ಎಂಜಿನ್ ಎತ್ತಿಕೊಂಡು ಹೋದ. ಭಾನುವಾರ ಅದು ಅವನ ಕಾರಿನಲ್ಲಿತ್ತು. ಎಂಜಿನ್ ಬದಲಿಸುವುದು ಒಂದು ವಾರಾಂತ್ಯದ ಕೆಲಸ, ಸಿಲ್ ಬದಲಿಸುವುದು ತಿಂಗಳುಗಟ್ಟಲೆಯದು. ಇಷ್ಟು ಸರಳ ಸಂಗತಿ ತಿಳಿಯಲು ನಾನು ಅಷ್ಟು ಶುಲ್ಕ ಕಟ್ಟಿದೆ.

ಬ್ರಿಟನ್ನಿನಲ್ಲಿ ವಾಹನ ನೋಂದಣಿ ನೋಡಿಕೊಳ್ಳುವ ಡಿವಿಎಲ್‌ಎ ಇಲಾಖೆ, ಹೆಚ್ಚು ಮಾರ್ಪಟ್ಟ ಕಾರೊಂದು ತನ್ನ ಹಳೆಯ ನಂಬರ್ ಉಳಿಸಿಕೊಳ್ಳಬಹುದೇ ಎಂದು ನಿರ್ಧರಿಸಲು ವರ್ಷಗಟ್ಟಲೆ ಬಳಸಿದ ಒಂದು ಅಂಕಪಟ್ಟಿ ಇದೆ. ಒಟ್ಟು 8 ಅಂಕ ಬೇಕಿತ್ತು. ಮೂಲ ಬಾಡಿಗೆ ಅಥವಾ ಚಾಸಿಸ್ಸಿಗೆ 5. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟಿಯರಿಂಗ್ ಒಂದೊಂದಕ್ಕೂ 2. ಎಂಜಿನ್ನಿಗೆ 1. ಮೊದಲೇ ಇದನ್ನು ಯಾರಾದರೂ ನನಗೆ ತೋರಿಸಿದ್ದರೆ ಎಂಜಿನ್ನಿಗೆ ಅನ್ಯಾಯವಾಯಿತು ಎಂದು ಜಗಳವಾಡುತ್ತಿದ್ದೆನೇನೋ. ಈಗ ಅದಕ್ಕಿಂತ ನ್ಯಾಯವಾದ ಅಂಕಪಟ್ಟಿ ಕಾಣುತ್ತಿಲ್ಲ.

ಇದನ್ನೆಲ್ಲ ಬರೆಯಲು ಕಾರಣ ಬೆಂಗಳೂರಿನ ಗೆಳೆಯನೊಬ್ಬನ ಫೋನು. ಮೊದಲು 1950ಕ್ಕಿಂತ ಹಿಂದಿನ ಕಾರುಗಳನ್ನಷ್ಟೇ ಹೊರದೇಶದಿಂದ ಸಲೀಸಾಗಿ ತರಿಸಬಹುದಿತ್ತು. 2025ರ ಫೆಬ್ರವರಿಯಿಂದ ಕೇಂದ್ರ ಸರ್ಕಾರ 50 ವರ್ಷ ದಾಟಿದ ಕಾರುಗಳಿಗೂ ದಾರಿ ತೆರೆದಿದೆ. ಬಹುಪಾಲು ಎಂಜಿಬಿ ಜಿಟಿಗಳು ಆ ಲೆಕ್ಕಕ್ಕೆ ಬಂದುಬಿಟ್ಟಿವೆ. ‘ಕೆಂಪನೆಯದೊಂದು ನೋಡಿಟ್ಟಿದ್ದೀನಿ, ಎಂಜಿನ್ ಹೊಸದಾಗಿ ಕಟ್ಟಿಸಿದ್ದಾರಂತೆ, ಹೋಗಿ ನೋಡ್ಕೊಂಡು ಬಾ’ ಎಂದ. ಬೆಂಗಳೂರಿನಲ್ಲಿ ಉಪ್ಪಿಲ್ಲ, ತುಕ್ಕಿನ ಚಿಂತೆ ಇಲ್ಲ ಎಂಬುದು ಅವನ ವಾದ. ತುಕ್ಕು ಹಡಗು ಹತ್ತುವ ಮುಂಚೆಯೇ ಒಳಗಿರುತ್ತದೆ. ಸುಂಕ, ತೆರಿಗೆ ಸೇರಿ ಕಾರಿನ ಬೆಲೆಗಿಂತ ಹೆಚ್ಚು ಕಟ್ಟಿ ನೀನು ತರಿಸುವುದು ಅದನ್ನೂ ಸೇರಿಸಿಯೇ ಎಂದೆ.

ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಹಳೆಯ ಪರೀಕ್ಷೆಗಳ ಟಿಪ್ಪಣಿ ಮೊದಲು ಓದು. ಬಾಗಿಲು ಮುಚ್ಚಿಸಿ ಸಂದು ನೋಡು, ಮೇಲೂ ಕೆಳಗೂ ಒಂದೇ ಅಗಲ ಇರಬೇಕು. ಸಿಲ್ಲಿನ ಉದ್ದಕ್ಕೂ ಆಯಸ್ಕಾಂತ ಹಿಡಿ, ಅಂಟದ ಕಡೆ ಪಟ್ಟಿ ತುಂಬಿದ್ದಾರೆಂದು ತಿಳಿ. ಹಳೆಯ ಪ್ಯಾಂಟು ಹಾಕಿಕೊಂಡು ಹೋಗಿ ಅಡಿಗೆ ನುಸುಳು, ಮಡಿಕೆಯ ಪಟ್ಟಿ ಕಣ್ಣಿಗೆ ಕಾಣುತ್ತದೋ ಅಥವಾ ಕಪ್ಪು ಲೇಪದಲ್ಲಿ ಮುಳುಗಿದೆಯೋ ನೋಡು. ಸಿಲ್ ಬದಲಿಸಿದ್ದೇವೆ ಎಂದರೆ ಕೆಲಸ ನಡೆಯುವಾಗಿನ ಫೋಟೋ ಕೇಳು. ಸರಿಯಾಗಿ ಮಾಡಿಸಿದವರು ಫೋಟೋ ಇಟ್ಟೇ ಇರುತ್ತಾರೆ. ಕೊಳ್ಳುವ ಬೆಲೆಯಷ್ಟೇ ಹಣ ರಿಪೇರಿ ಖರ್ಚಿಗೆಂದು ಕೈಯಲ್ಲಿರಲಿ, ಅದು ಬೇರೆ ಯಾರ ಪಾಲಿನದೂ ಆಗಿರದಿರಲಿ. ಇಷ್ಟೆಲ್ಲ ಆದ ಮೇಲೆ, ಹೊತ್ತು ಉಳಿದಿದ್ದರೆ, ಎಂಜಿನ್ ಸ್ಟಾರ್ಟ್ ಮಾಡಿಸು.

ಊರಿನ ಮಾಡು ಆಯಿತು, ನನ್ನ ಪಾಲು ಬಡ್ಡಿ ಸಮೇತ ಕೊಟ್ಟೆ. ಈಗ ಮತ್ತೆ ಒಂದು ಜಿಟಿ ಹುಡುಕುತ್ತಿದ್ದೇನೆ, ಓಡದಿದ್ದರೂ ಪರವಾಗಿಲ್ಲ, ಹೊಸ್ತಿಲು ಗಟ್ಟಿ ಇರಬೇಕು. ಹೆಂಡತಿ ಒಪ್ಪಿದ್ದಾಳೆ, ಒಂದು ಷರತ್ತಿನ ಮೇಲೆ. ಕಾರು ನೋಡಲು ಅವಳೂ ಬರುತ್ತಾಳೆ, ಅಡಿ ಅವಳೇ ನೋಡುತ್ತಾಳೆ; ಅವಳು ಎದ್ದು ಕೈ ಕೊಡವಿಕೊಳ್ಳುವವರೆಗೆ ನಾನು ಬಾನೆಟ್ ಎತ್ತಕೂಡದು.